ಉತ್ತಮರ್ಣನ ಮುಂದೆ

ಸಾಲ ಕೊಟ್ಟವನಿಗೆ ಸಂಸ್ಕೃತದಲ್ಲಿ ಉತ್ತಮರ್ಣನೆಂದೂ, ತೆಗೆದುಕೊಂಡವನಿಗೆ ಅಧಮರ್ಣನೆಂದೂ ಹೆಸರು. ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರಕೋಶದ ವೈಶ್ಯವರ್ಗವನ್ನು ಉರುಹೊಡೆಯುತ್ತಿದ್ದಾಗ ಈ ಎರಡು ಪದಗಳು ನಮ್ಮ ನಾಲಗೆಯ ಮೇಲೆ ಸರಾಗವಾಗಿ ಹರಿಯುತ್ತಿದ್ದವೇ ಹೊರತು ಅವುಗಳ ಅರ್ಥವು ನಮ್ಮ ಮನಸ್ಸನ್ನು ತಟ್ಟಿರಲಿಲ್ಲ. ಋಣವು ಒಂದೇ, ಅದರ ಒಂದು ತುದಿಯಲ್ಲಿ ನಿಂತವನು ಉತ್ತಮ, ಇನ್ನೊಂದು ತುದಿಯಲ್ಲಿ ನಿಂತವನು ಅಧಮ. ವ್ಯಾಕರಣವೂ ಉತ್ತಮರ್ಣನ ಪಕ್ಷವನ್ನೇ ಹಿಡಿದಂತೆ ತೋರುತ್ತದೆ. ಒಬ್ಬನಿಗೆ ಋಣಿಯಾಗಿರುವುದೆಂಬ ಅರ್ಥವುಳ್ಳ ಧಾತುವಿನ ಪ್ರಯೋಗದಲ್ಲಿ ಪಾಣಿನಿಯು ಸಾಲ ಕೊಟ್ಟವನಿಗೆ ಸಂಪ್ರದಾನವೆಂಬ ಸಂಜ್ಞೆಯನ್ನು ವಿಧಿಸಿದ್ದಾನೆ. ದಾನ ಪಡೆಯುವವನಿಗೆ ಯಾವ ವಿಭಕ್ತಿಯೋ ಸಾಹುಕಾರನಿಗೂ ಅದೇ ಚತುರ್ಥೀ ವಿಭಕ್ತಿ. ಈ ಪ್ರಕರಣವನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಹೇಳಿಕೊಟ್ಟ ನಾನು ಅದರ ಪೂರ್ಣಾರ್ಥವನ್ನು ಅರಿತುದು ನಿವೃತ್ತನಾದ ಬಳಿಕ, ಬ್ಯಾಂಕೊಂದರ ಮೇಜಿನ ಮುಂದೆ.

ಸಂಗತಿಯನ್ನು ಚಿಕ್ಕದಾಗಿ ಅರಿಕೆಮಾಡುತ್ತೇನೆ. 2016ನೆಯ ಇಸವಿಯಲ್ಲಿ ಮನೆಯನ್ನು ಕಟ್ಟಿಸುವುದಕ್ಕಾಗಿ ನಾನೂ ನನ್ನ ಮಗನೂ ಕೂಡಿ ಬ್ಯಾಂಕಿನಿಂದ 10 ಲಕ್ಷ ರೂಪಾಯಿಗಳನ್ನು ಸಾಲವಾಗಿ ತೆಗೆದುಕೊಂಡೆವು. ಅವಧಿ 15 ವರ್ಷ. ಬಡ್ಡಿ ವರ್ಷಕ್ಕೆ ಶೇಕಡಾ 9.5ರ ಸ್ಥಿರ ದರ. ತಿಂಗಳ ಕಂತು 10,442 ರೂಪಾಯಿ. ಎಂಟು ವರ್ಷಗಳವರೆಗೆ, ಅಂದರೆ 96 ಕಂತುಗಳು, ಒಂದು ದಿನವೂ ತಪ್ಪದೆ ಸಂದವು. 2024ರ ಭಾದ್ರಪದದಲ್ಲಿ ನನ್ನ ಪತ್ನಿಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದಿತು. ಅದೇ ಕಾಲಕ್ಕೆ ಮಗನು ಕೆಲಸಮಾಡುತ್ತಿದ್ದ ಮುದ್ರಣಾಲಯವು ಮುಚ್ಚಿತು. ಎರಡು ಕೈಗಳಿಂದ ಎತ್ತುತ್ತಿದ್ದ ಭಾರವನ್ನು ಒಂದೇ ಕೈಯಿಂದ ಎತ್ತಬೇಕಾಯಿತು. ಆ ಒಂದು ಕೈಯೂ ಆಸ್ಪತ್ರೆಯ ಬಾಗಿಲಲ್ಲಿ ನೀಡಿತ್ತು. ಕಂತು ನಿಂತಿತು.

ಸಾಲದ ಬಾಕಿಗಿಂತ ಮೊದಲು ಮನೆಯೊಳಗೆ ಬರುವುದು ಲಜ್ಜೆ. ಬಾಕಿಗೆ ಬಡ್ಡಿಯುಂಟು, ಲಜ್ಜೆಗೆ ಚಕ್ರಬಡ್ಡಿ. ಕಂತು ನಿಂತ ಗೃಹಸ್ಥನು ಮೊದಲು ಬ್ಯಾಂಕಿರುವ ಬೀದಿಯನ್ನು ಬಿಟ್ಟು ಇನ್ನೊಂದು ಬೀದಿಯಿಂದ ಸಂತೆಗೆ ಹೋಗುತ್ತಾನೆ; ಆಮೇಲೆ ಅಂಚೆಯವನನ್ನು ಕಂಡರೆ ಒಳಗೆ ಸರಿಯುತ್ತಾನೆ; ಕೊನೆಗೆ ಬಂದ ಲಕೋಟೆಯನ್ನು ಒಡೆಯದೆಯೇ ಪಂಚಾಂಗದ ಕೆಳಗಿಡುತ್ತಾನೆ. ನನ್ನ ಮಗನು ಈ ಮೂರು ಮೆಟ್ಟಿಲುಗಳನ್ನೂ ಇಳಿಯುತ್ತಿರುವುದನ್ನು ಕಂಡು ನಾನು ಮೊದಲನೆಯ ಕಂತು ತಪ್ಪಿದ ವಾರದಲ್ಲಿಯೇ ಬ್ಯಾಂಕಿಗೆ ಹೋದೆನು. ಅಂದಿನ ವ್ಯವಸ್ಥಾಪಕರು ಸಜ್ಜನರು. ನನ್ನ ಮಾತೆಲ್ಲವನ್ನೂ ಕೇಳಿ, “ಆಗಲಿ ಮೇಷ್ಟ್ರೇ, ನೋಡೋಣ” ಎಂದರು. ಮುಂದಿನ ತಿಂಗಳು ಅವರಿಗೆ ಬೇರೊಂದು ಊರಿಗೆ ವರ್ಗವಾಯಿತು. “ನೋಡೋಣ” ಎಂಬ ಮಾತು ಅವರೊಡನೆಯೇ ಹೊರಟುಹೋಯಿತು. ಬ್ಯಾಂಕಿಗೆ ಕಿವಿಯಿಲ್ಲ, ಕಣ್ಣು ಮಾತ್ರ ಉಂಟು. ಹೇಳಿದ್ದನ್ನು ಅದು ಕೇಳುವುದಿಲ್ಲ, ಬರೆದುದನ್ನು ಓದುತ್ತದೆ. ಆದಕಾರಣ ಎರಡನೆಯ ಬಾರಿ ಹೋಗುವಾಗ ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಬರೆದುಕೊಂಡು ಹೋಗಿ, ಒಂದರ ಮೇಲೆ ತಾರೀಖನ್ನೂ ಮೊಹರನ್ನೂ ಹಾಕಿಸಿಕೊಂಡು ಬಂದೆನು. ಆ ಪ್ರತಿಯು ಮುಂದೆ ನನಗೆ ಸಾಕ್ಷಿಯಾಯಿತು.

ಡಿಸೆಂಬರ್ ಕೊನೆಯಲ್ಲಿ ನೋಟೀಸು ಬಂದಿತು. ಕಂತು ಸಲ್ಲಬೇಕಾದ ದಿನದಿಂದ 90 ದಿವಸಗಳು ಮೀರಿದರೆ ಬ್ಯಾಂಕಿನವರು ಅಂತಹ ಸಾಲವನ್ನು ಫಲ ಕೊಡದ ಆಸ್ತಿಯೆಂಬ ವರ್ಗಕ್ಕೆ ಸೇರಿಸುತ್ತಾರೆ. ಹಾಗೆ ಸೇರಿದ ಬಳಿಕ, ಮನೆಯು ಆಧಾರವಾಗಿದ್ದಲ್ಲಿ, 2002ರ ಸರ್ಫೇಸಿ ಕಾಯಿದೆಯ 13ನೆಯ ಪ್ರಕರಣದಂತೆ 60 ದಿವಸಗಳ ನೋಟೀಸು ಕೊಡುವ ಅಧಿಕಾರ ಅವರಿಗುಂಟು. ನಿಂತ ನಾಲ್ಕು ಕಂತುಗಳನ್ನಲ್ಲ, ಸಾಲದ ಸಮಸ್ತವನ್ನೂ ಅರುವತ್ತು ದಿವಸಗಳೊಳಗೆ ತೀರಿಸತಕ್ಕದ್ದು, ಇಲ್ಲವಾದರೆ ಮನೆಯನ್ನು ಸ್ವಾಧೀನಪಡಿಸಿಕೊಳ್ಳಲಾಗುವುದು ಎಂಬುದೇ ಅದರ ತಾತ್ಪರ್ಯ. ಆರು ಲಕ್ಷ ನಲವತ್ತು ಸಾವಿರದಷ್ಟು ಹಣವನ್ನು ಎರಡು ತಿಂಗಳಲ್ಲಿ ತರಬಲ್ಲವನು ಹತ್ತು ಸಾವಿರದ ಕಂತನ್ನು ಏತಕ್ಕೆ ನಿಲ್ಲಿಸಿಯಾನು? ಆ ಸಂಜೆ ನಮ್ಮ ಮನೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ರೋಗಶಯ್ಯೆಯಿಂದ ಆಗತಾನೇ ಎದ್ದಿದ್ದ ನನ್ನ ಪತ್ನಿಯು, “ಈ ಮನೆಯಲ್ಲಿ ನಾನು ಗುಣವಾಗಬೇಕೋ, ಇನ್ನೊಂದು ಮನೆಯಲ್ಲೋ?” ಎಂದು ಮಾತ್ರ ಕೇಳಿದಳು.

ಮರುದಿನ ಬೆಳಿಗ್ಗೆ ಸ್ನಾನಾನಂತರ ನಾನು ಆ ನೋಟೀಸನ್ನು ಎದುರಿಗಿಟ್ಟುಕೊಂಡು ಓದಿದೆನು. ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಎಂದು ವ್ಯಾಖ್ಯಾನಕ್ಕೆ ಐದು ಲಕ್ಷಣಗಳನ್ನು ಪೂರ್ವಿಕರು ಹೇಳಿದ್ದಾರೆ. ರಘುವಂಶಕ್ಕೆ ಸಲ್ಲುವ ಕ್ರಮವು ಬ್ಯಾಂಕಿನ ನೋಟೀಸಿಗೂ ಸಲ್ಲಬೇಕಷ್ಟೆ. ಹೀಗೆ ಬಿಡಿಸಿ ಓದಿದಾಗ ಭಯವು ಅರ್ಧದಷ್ಟು ಇಳಿಯಿತು. ಏಕೆಂದರೆ ನೋಟೀಸು ಎಂಬುದು ವ್ಯವಹಾರದ ಆರಂಭವೇ ಹೊರತು ಅಂತ್ಯವಲ್ಲವೆಂಬುದು ಸ್ಪಷ್ಟವಾಯಿತು. ಅದಕ್ಕೆ ಸಾಲಗಾರನು ಆಕ್ಷೇಪವನ್ನು ಬರೆಯಬಹುದು. ಬರೆದರೆ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದ ಪಕ್ಷದಲ್ಲಿ 15 ದಿವಸಗಳೊಳಗೆ ಕಾರಣಸಹಿತವಾಗಿ ಉತ್ತರಿಸಲೇಬೇಕು. ಈ ಹಕ್ಕು ಕಾಯಿದೆಯಲ್ಲಿ ಮೊದಲು ಇರಲಿಲ್ಲ. ಮಾರ್ಡಿಯಾ ಕೆಮಿಕಲ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಕೊಟ್ಟ ತೀರ್ಪಿನ ತರುವಾಯ ಸೇರಿದುದು. ಅರುವತ್ತು ದಿನಗಳು ಕಳೆದು ಸ್ವಾಧೀನದ ಕ್ರಮವಾದರೂ, 45 ದಿವಸಗಳೊಳಗೆ ಸಾಲವಸೂಲಿ ನ್ಯಾಯಮಂಡಳಿಗೆ ಮೊರೆಯಿಡಬಹುದು. ಹರಾಜಿನ ಪ್ರಕಟಣೆಯಾಗುವುದಕ್ಕೆ ಮುಂಚೆ ಬಾಕಿಯನ್ನು ಖರ್ಚುಸಹಿತ ಸಲ್ಲಿಸಿದರೆ ಆಸ್ತಿಯನ್ನು ಬಿಡಿಸಿಕೊಳ್ಳಲೂಬಹುದು. ಸಾಗುವಳಿಯ ಜಮೀನಿಗೆ ಈ ಕಾಯಿದೆಯು ತಗಲುವುದೇ ಇಲ್ಲ.

ಆಕ್ಷೇಪಕ್ಕೆ ವಸ್ತುವೂ ದೊರೆಯಿತು. ನಾನು ಸಾಲದ ಲೆಕ್ಕದ ಪೂರ್ಣ ಪ್ರತಿಯನ್ನು ಕೇಳಿ ತರಿಸಿಕೊಂಡು ಒಂದೊಂದು ಸಾಲನ್ನೂ ಕೂಡಿ ನೋಡಿದೆನು. ಬಾಕಿಯಾದ ಕಂತುಗಳ ಮೇಲೆ ದಂಡದ ಬಡ್ಡಿಯನ್ನು ಹಾಕಿ, ಅದನ್ನು ಅಸಲಿಗೆ ಕೂಡಿಸಿ, ಅದರ ಮೇಲೆ ಮತ್ತೆ ಬಡ್ಡಿಯನ್ನು ಹಾಕಿದ್ದರು. ಭಾರತೀಯ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆಯು ಇದನ್ನು ನಿಷೇಧಿಸಿತ್ತು: ತಪ್ಪಿದ ಕಂತಿಗೆ ದಂಡಶುಲ್ಕವನ್ನು ವಿಧಿಸಬಹುದು, ಆದರೆ ಅದನ್ನು ಬಡ್ಡಿಯ ರೂಪದಲ್ಲಿ ಏರಿಸಕೂಡದು, ಆ ಶುಲ್ಕದ ಮೇಲೆ ಬಡ್ಡಿಯನ್ನೂ ಹಾಕಕೂಡದು. ಹಳೆಯ ಸಾಲಗಳಿಗೂ 2024ರ ಜೂನ್ 30ರೊಳಗೆ ಈ ನಿಯಮವನ್ನು ಅನ್ವಯಿಸಬೇಕೆಂದು ಕಟ್ಟಳೆಯಾಗಿತ್ತು. ವ್ಯತ್ಯಾಸವು ಕೆಲವು ಸಾವಿರ ರೂಪಾಯಿಗಳದು ಮಾತ್ರ. ಆದರೆ ಲೆಕ್ಕವನ್ನು ಓದಬಲ್ಲ ಸಾಲಗಾರನು ಮುಂದೆ ಕುಳಿತಿರುವನೆಂದು ಎದುರಿನವರಿಗೆ ತಿಳಿದ ಕ್ಷಣದಲ್ಲಿ ಮಾತಿನ ಧ್ವನಿಯೇ ಬದಲಾಗುತ್ತದೆ. ಅದರ ಬೆಲೆ ಆ ಕೆಲವು ಸಾವಿರಕ್ಕಿಂತ ಹೆಚ್ಚು.

ಈ ನಡುವೆ ವಸೂಲಿಯ ಏಜೆಂಟನೊಬ್ಬನು ಬರತೊಡಗಿದನು. ಋಣವಸೂಲಿಗೆ ಮನುವು ಐದು ಉಪಾಯಗಳನ್ನು ಎಣಿಸಿದ್ದಾನೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಮೊದಲನೆಯದು ಒಳ್ಳೆಯ ಮಾತಿನಿಂದ, ಎರಡನೆಯದು ನ್ಯಾಯಸ್ಥಾನದಿಂದ, ಮೂರನೆಯದು ಉಪಾಯದಿಂದ, ಐದನೆಯದು ಬಲಾತ್ಕಾರದಿಂದ. ನಾಲ್ಕನೆಯದಾದ ಆಚರಿತವೆಂದರೆ ರೂಢಿಯ ಪೀಡನೆ. ಸಾಲಗಾರನ ಬಾಗಿಲಲ್ಲಿ ಉಪವಾಸ ಕೂರುವುದೂ ಇದರಲ್ಲಿ ಸೇರಿದ್ದಿತು. ಶಾಸ್ತ್ರವು ಐದನ್ನೂ ಒಪ್ಪಿದರೂ ಇಂದಿನ ರಾಜಶಾಸನವು ಮೊದಲಿನ ಎರಡನ್ನು ಮಾತ್ರ ಒಪ್ಪುತ್ತದೆ. 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು, ವಸೂಲಿಗಾಗಿ ಬೆಳಿಗ್ಗೆ 8 ಗಂಟೆಗೆ ಮುಂಚೆಯಾಗಲಿ ಸಂಜೆ 7 ಗಂಟೆಯ ಮೇಲಾಗಲಿ ಸಾಲಗಾರನಿಗೆ ದೂರವಾಣಿ ಮಾಡಕೂಡದೆಂದೂ, ಬೆದರಿಸುವುದು, ನಾಲ್ವರ ಮುಂದೆ ಅವಮಾನಪಡಿಸುವುದು, ಬಂಧುಮಿತ್ರರನ್ನು ಕಾಡುವುದು ಇವು ನಿಷಿದ್ಧವೆಂದೂ ಸ್ಪಷ್ಟಪಡಿಸಿತು.

ಆದರೆ ನಮ್ಮ ಜನಕ್ಕೆ ವಸೂಲಿಗಾರನೆಂದರೆ ನೆನಪಿಗೆ ಬರುವವನು ನಕ್ಷತ್ರಿಕ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ವಿಶ್ವಾಮಿತ್ರನು ಅರಸನ ಬೆನ್ನಿಗೆ ಕಳುಹಿಸಿದ ಆ ಶಿಷ್ಯನ ಹೆಸರು ಕನ್ನಡದಲ್ಲಿ ಗಾದೆಯಾಗಿಯೇ ನಿಂತಿದೆ. ನಮ್ಮ ಮನೆಗೆ ಬಂದವನು ಇಪ್ಪತ್ತೈದರ ತರುಣ. ರಾತ್ರಿ ಎಂಟೂವರೆಗೆ ಬಂದು ಬೀದಿಗೆ ಕೇಳುವಂತೆ ನನ್ನ ಹೆಸರನ್ನೂ ಬಾಕಿಯ ಮೊತ್ತವನ್ನೂ ಕೂಗಿ ಹೇಳಿದನು. ನಾನು ಹೊರಗೆ ಬಂದು, “ಒಳಗೆ ಬಾಪ್ಪ, ಕುಳಿತುಕೋ. ಬ್ಯಾಂಕಿನವರು ನಿನಗೆ ಕೊಟ್ಟಿರುವ ಅಧಿಕಾರಪತ್ರವನ್ನೂ ಗುರುತಿನ ಚೀಟಿಯನ್ನೂ ತೋರಿಸು” ಎಂದೆನು. ಗುರುತಿನ ಚೀಟಿಯಿತ್ತು, ಅಧಿಕಾರಪತ್ರವಿರಲಿಲ್ಲ. “ಹಾಗಾದರೆ ಪತ್ರವನ್ನು ತೆಗೆದುಕೊಂಡು ಹಗಲಿನಲ್ಲಿ ಬಾ, ನಾನೆಲ್ಲಿಗೂ ಓಡಿಹೋಗುವುದಿಲ್ಲ” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗೂ ತಿಂಗಳಿಗೆ ಇಷ್ಟು ವಸೂಲಿಯೆಂದು ಕಟ್ಟಿದ್ದಾರೆ, ಮೇಷ್ಟ್ರೇ. ಆಗದಿದ್ದರೆ ನಮ್ಮ ಮನೆಯಲ್ಲೂ ಒಲೆ ಉರಿಯುವುದಿಲ್ಲ” ಎಂದನು. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಿದೆನು. ನಕ್ಷತ್ರಿಕನೂ ಇನ್ನೊಬ್ಬರ ಆಳು. ಅವನ ಮೇಲೆ ಕೂಗಾಡಿದರೆ ವಿಶ್ವಾಮಿತ್ರನಿಗೆ ಕೇಳಿಸುವುದಿಲ್ಲ. ಆದರೆ ಅವನು ಬಂದ ದಿನ, ಗಂಟೆ, ಆಡಿದ ಮಾತು ಇವೆಲ್ಲವನ್ನೂ ಬರೆದು ವ್ಯವಸ್ಥಾಪಕರಿಗೆ ಮರುದಿನವೇ ಒಪ್ಪಿಸಿದೆನು. ಬ್ಯಾಂಕಿಗೆ ದೂರು ಕೊಟ್ಟು 30 ದಿವಸಗಳೊಳಗೆ ಸಮಾಧಾನ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದೆಂಬುದನ್ನು ಪತ್ರದ ಕೊನೆಯ ಸಾಲಿನಲ್ಲಿ ವಿನಯಪೂರ್ವಕವಾಗಿ ಸೂಚಿಸಿದ್ದೆನು. ರಾತ್ರಿಯ ಭೇಟಿಗಳು ನಿಂತವು.

ಹೊಸ ವ್ಯವಸ್ಥಾಪಕರು ಜನವರಿಯಲ್ಲಿ ನಮ್ಮನ್ನು ಕರೆಸಿದರು. ಅಷ್ಟರೊಳಗೆ ಊರಿನಲ್ಲಿ ಹಿತೋಪದೇಶಕ್ಕೆ ಕೊರತೆಯಿರಲಿಲ್ಲ. ಒಬ್ಬರು, ಒಂದೇ ಬಾರಿಗೆ ಇಷ್ಟು ಕೊಟ್ಟು ಇತ್ಯರ್ಥಮಾಡಿಕೊಳ್ಳಿ, ಬ್ಯಾಂಕಿನವರು ಕಡಿಮೆಗೆ ಒಪ್ಪುತ್ತಾರೆ ಎಂದರು. ಅದಕ್ಕೆ ಬೇಕಾದ ಗಂಟು ನಮ್ಮಲ್ಲಿರಲಿಲ್ಲ, ಮೇಲಾಗಿ ಹಾಗೆ ಇತ್ಯರ್ಥವಾದ ಸಾಲವು ಪೂರ್ಣವಾಗಿ ಸಂದ ಸಾಲವೆಂದು ದಾಖಲೆಯಲ್ಲಿ ನಿಲ್ಲುವುದಿಲ್ಲ. ಮುಂದೆ ಮಗನಿಗೆ ಸಾಲ ಬೇಕಾದಾಗ ಅದು ಅಡ್ಡಬರುತ್ತದೆ. ಇನ್ನೊಬ್ಬರು, ಶುಲ್ಕ ಕೊಟ್ಟರೆ ಸಾಲವನ್ನೇ ಮನ್ನಾ ಮಾಡಿಸಿಕೊಡುವ ಮಧ್ಯವರ್ತಿಗಳಿದ್ದಾರೆಂದರು. ಇಂತಹವರ ವಿಷಯದಲ್ಲಿ ರಿಸರ್ವ್ ಬ್ಯಾಂಕು 2023ರ ಡಿಸೆಂಬರಿನಲ್ಲಿಯೇ ಜನರನ್ನು ಎಚ್ಚರಿಸಿತ್ತು. ಮುಳುಗುತ್ತಿರುವವನ ಕೈಗೆ ಹಾವನ್ನು ಕೊಡುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ನಾನು ಬೇಡಿದುದು ಮನ್ನಾ ಅಲ್ಲ, ಕಾಲ. ಈ ಬೇಡಿಕೆಗೆ ಶಾಸ್ತ್ರದ ಆಧಾರವೂ ಉಂಟು. ಋಣವನ್ನು ತೀರಿಸಲಾರದವನು ಆವರೆಗೆ ಸಂದಿರುವ ಬಡ್ಡಿಯನ್ನು ಕೊಟ್ಟು ಪತ್ರವನ್ನು ಹೊಸದಾಗಿ ಬರೆದುಕೊಡಬಹುದೆಂದು ಮನುವಿನ ಎಂಟನೆಯ ಅಧ್ಯಾಯವು ಹೇಳುತ್ತದೆ. ಬ್ಯಾಂಕಿನವರು ಇಂದು ಸಾಲದ ಪುನರ್ವ್ಯವಸ್ಥೆಯೆಂದು ಕರೆಯುವುದು ಇದನ್ನೇ. ನಿಂತ ನಾಲ್ಕು ತಿಂಗಳ ಬಡ್ಡಿಯು 20,000 ರೂಪಾಯಿಗೆ ಸ್ವಲ್ಪ ಮೇಲಾಗಿತ್ತು. ನನ್ನ ಪತ್ನಿಯು ಒಂದು ಬಳೆಯನ್ನು ತೆಗೆದು ನನ್ನ ಮುಂದಿಟ್ಟಳು. ಮಗನು ಅದನ್ನು ಒತ್ತೆಯಿಡೋಣವೆಂದನು. “ಒಂದು ಸಾಲವನ್ನು ತೀರಿಸಲು ಇನ್ನೊಂದು ಸಾಲವೇಕೆ? ಮಾರಿಬಿಡಿ; ಬಳೆ ಹೋದರೆ ಕೈ ಉಳಿಯುತ್ತದೆ” ಎಂದಳು. ಹಾಗೆಯೇ ಮಾಡಿದೆವು.

ಇನ್ನು ಉಳಿದುದು ಅಸಲು, 6,38,900 ರೂಪಾಯಿ. ವ್ಯವಸ್ಥಾಪಕರು ಅದನ್ನು 12 ವರ್ಷಗಳಿಗೆ ಹರಡಿ ತಿಂಗಳಿಗೆ 7,452 ರೂಪಾಯಿಯ ಕಂತನ್ನು ಸೂಚಿಸಿದರು. ಹಳೆಯ ಕಂತಿಗಿಂತ ಮೂರು ಸಾವಿರದಷ್ಟು ಕಡಿಮೆ! ಮಗನ ಮುಖವು ಅರಳಿತು. ನಾನು ಕಾಗದವೊಂದನ್ನು ಕೇಳಿ ಗುಣಾಕಾರ ಮಾಡಿದೆನು. 12 ವರ್ಷಕ್ಕೆ ಸಲ್ಲುವ ಒಟ್ಟು ಮೊತ್ತ 10,73,088 ರೂಪಾಯಿ. ಅದೇ ಅಸಲನ್ನು 10 ವರ್ಷಕ್ಕೆ ಹರಡಿದರೆ ಕಂತು 8,267, ಒಟ್ಟು 9,92,040. ತಿಂಗಳಿಗೆ 815 ರೂಪಾಯಿಗಳ ಸೌಕರ್ಯಕ್ಕಾಗಿ 81,048 ರೂಪಾಯಿಗಳನ್ನು ಹೆಚ್ಚಾಗಿ ತೆರಬೇಕಾಗುತ್ತಿತ್ತು. ಹಳೆಯ ಕ್ರಮದಲ್ಲಿಯೇ ಉಳಿದ 84 ಕಂತುಗಳನ್ನು ಕಟ್ಟಿದ್ದರೆ 8,77,128ಕ್ಕೆ ಮುಗಿಯುತ್ತಿತ್ತು. ಅದಕ್ಕೆ ನಮ್ಮಲ್ಲಿ ಶಕ್ತಿಯಿರಲಿಲ್ಲ. ಪಿಂಚಣಿಯಲ್ಲಿ ಔಷಧಿಗೆ, ಅಕ್ಕಿಬೇಳೆಗೆ ತೆಗೆದಿಟ್ಟು ತಪ್ಪದೆ ಕೊಡಬಹುದಾದುದು ಒಂಬತ್ತು ಸಾವಿರದೊಳಗೆ. ಆದ್ದರಿಂದ 10 ವರ್ಷವನ್ನು ಆರಿಸಿಕೊಂಡೆವು. ಕಂತು ಇಳಿಯಿತೆಂದು ಹಿಗ್ಗುವವರು ದಯವಿಟ್ಟು ಒಮ್ಮೆ ಗುಣಾಕಾರವನ್ನು ಮಾಡಬೇಕು; ಕೊಡಲಾರದ ಕಂತನ್ನು ಒಪ್ಪಿಕೊಂಡು ಬರುವವರು ಒಮ್ಮೆ ವ್ಯವಕಲನವನ್ನು ಮಾಡಬೇಕು. ದಂಡದ ಬಡ್ಡಿಯನ್ನು ಲೆಕ್ಕದಿಂದ ತೆಗೆದುಹಾಕಿದರು. ನೋಟೀಸಿನ ಕ್ರಮವನ್ನು ನಿಲ್ಲಿಸಿರುವುದಾಗಿ ಬರೆದುಕೊಟ್ಟರು. ಆ ಬರಹವನ್ನು ಕೈಯಲ್ಲಿ ಹಿಡಿಯುವವರೆಗೆ ನಾನು ಕುರ್ಚಿಯಿಂದ ಏಳಲಿಲ್ಲ.

ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವನ್ನೇ ಮೊದಲನೆಯದಾಗಿ ಎಣಿಸಿದ್ದಾರೆ. ಜಗಳಗಳಲ್ಲಿ ಅದೇ ಆದಿ ಎಂಬುದು ಅವರಿಗೆ ತಿಳಿದಿತ್ತು. ನಮ್ಮ ನಾಡಿನ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿ ಯಾವ ಯಾಜ್ಞವಲ್ಕ್ಯಸ್ಮೃತಿಯನ್ನು ವ್ಯಾಖ್ಯಾನಿಸಿದನೋ ಅದರಲ್ಲಿ ಸಾಲಗಾರನಿಗೆ ಉಪಯುಕ್ತವಾದ ವಿಧಿಗಳು ಹಲವಿವೆ. ಕೊಟ್ಟಕೊಟ್ಟಂತೆ ಹಣವನ್ನು ಪತ್ರದ ಹಿಂಬದಿಯಲ್ಲಿ ಬರೆಯತಕ್ಕದ್ದು, ಇಲ್ಲವೆ ಸಾಲ ಕೊಟ್ಟವನು ಸ್ವಹಸ್ತದಿಂದ ರಸೀದಿಯನ್ನು ಕೊಡತಕ್ಕದ್ದು; ಸಾಲವು ತೀರಿದ ಮೇಲೆ ಪತ್ರವನ್ನು ಹರಿಯತಕ್ಕದ್ದು; ಕೊಡಲು ಬಂದ ಹಣವನ್ನು ಧನಿಕನು ತೆಗೆದುಕೊಳ್ಳದಿದ್ದರೆ ಮಧ್ಯಸ್ಥನಲ್ಲಿ ಇಡಬಹುದು, ಅಲ್ಲಿಂದ ಮುಂದಕ್ಕೆ ಬಡ್ಡಿ ಬೆಳೆಯದು. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ, ಸಾಲ ತೀರಿದ 30 ದಿವಸಗಳೊಳಗೆ ಆಸ್ತಿಯ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ದೆಸೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ಆಜ್ಞೆಮಾಡಿದುದನ್ನು ಓದಿದಾಗ ನನಗೆ ಯಾಜ್ಞವಲ್ಕ್ಯನ ಮುಖಪರಿಚಯವಾದಂತೆನಿಸಿತು.

ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ನಾನು ಹೇಳುವವನಲ್ಲ. ಆಧಾರವಿಲ್ಲದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರಿಂದ ಐದರವರೆಗೆ ವರ್ಣಾನುಸಾರವಾಗಿ ಬಡ್ಡಿಯನ್ನು ಏರಿಸಿದ ಶಾಸ್ತ್ರವು ಯಾರಲ್ಲಿ ಕಡಿಮೆಯಿತ್ತೋ ಅವರಿಂದಲೇ ಹೆಚ್ಚು ಕಿತ್ತಿತು. ತೀರಿಸಲಾಗದ ಬಡವನು ಕೆಳಜಾತಿಯವನಾದರೆ ದುಡಿದು ತೀರಿಸಲಿ, ಬ್ರಾಹ್ಮಣನಾದರೆ ಬಂದಂತೆ ಮೆಲ್ಲಮೆಲ್ಲನೆ ಕೊಡಲಿ ಎಂದ ಸ್ಮೃತಿಯನ್ನು ಓದುವಾಗ, ಪಾಠಶಾಲೆಯಲ್ಲಿ ಕಲಿತ ನನಗೂ ತಲೆ ತಗ್ಗುತ್ತದೆ. ಮೆಲ್ಲಮೆಲ್ಲನೆ ಎಂಬ ಆ ಅನುಗ್ರಹವು ಎಲ್ಲರಿಗೂ ಸಲ್ಲತಕ್ಕುದು.

ಇಂದಿಗೂ ಅದು ಎಲ್ಲರಿಗೂ ಸಂದಿಲ್ಲ. ನನಗೆ ಅಕ್ಷರವಿತ್ತು, ಪಿಂಚಣಿಯಿತ್ತು, ನೋಟೀಸಿಗೆ ಉತ್ತರ ಬರೆಯುವ ಅಭ್ಯಾಸವಿತ್ತು. ವಾರದ ಕಂತಿನ ಕಿರುಸಾಲವನ್ನು ತೆಗೆದುಕೊಂಡು, ಒಬ್ಬಳ ಬಾಕಿಗೆ ಗುಂಪೆಲ್ಲವೂ ಹೊಣೆಯಾಗಿ, ನೆರೆಹೊರೆಯವರ ಬಾಯಿಗೆ ಹೆದರಿ ಊರು ಬಿಡುವ ಹೆಣ್ಣುಮಕ್ಕಳಿಗೆ ಇವು ಯಾವುವೂ ಇಲ್ಲ. 2025ರ ಫೆಬ್ರವರಿಯಲ್ಲಿ ಕರ್ಣಾಟಕ ಸರ್ಕಾರವು ಕಿರುಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಳಿಕ ಅದನ್ನು ಕಾಯಿದೆಯಾಗಿಯೂ ಮಾಡಿತು. ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಕಾಯಿದೆಯನ್ನು ಓದಿ ಹೇಳುವವರು ಊರಿಗೊಬ್ಬರಾದರೂ ಬೇಕು. ಸಾಹುಕಾರನ ಹಿಡಿತದಿಂದ ರೈತನನ್ನು ಬಿಡಿಸಲು 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದಾಗ ಅವರ ಕೈಯಲ್ಲಿದ್ದುದು ದೊಡ್ಡ ಬಂಡವಾಳವಲ್ಲ. ನೆರೆಯವನ ಸಾಲವು ನನಗೂ ಸಂಬಂಧಿಸಿದ್ದೆಂಬ ಬುದ್ಧಿ. ನಿವೃತ್ತರಾದ ಉಪಾಧ್ಯಾಯರು, ಗುಮಾಸ್ತರು, ಲೆಕ್ಕ ಬಲ್ಲವರು ನಮ್ಮ ಜಿಲ್ಲೆಯಲ್ಲಿ ನೂರಾರು ಮಂದಿಯಿದ್ದೇವೆ. ವಾರಕ್ಕೊಂದು ಸಂಜೆ ದೇವಸ್ಥಾನದ ಕಟ್ಟೆಯ ಮೇಲೋ ವಾಚನಾಲಯದಲ್ಲೋ ಕುಳಿತು, ಒಡೆಯದ ಲಕೋಟೆಗಳನ್ನು ತಂದವರಿಗೆ ಅವನ್ನು ಒಡೆದು ಓದಿ ಹೇಳಿದರೆ ಸಾಕು. ಅರ್ಧ ಭಯವು ಅಲ್ಲಿಗೇ ಇಳಿಯುತ್ತದೆ. ಕಳೆದ ಯುಗಾದಿಯಿಂದ ನಾನೂ ನನ್ನ ಗೆಳೆಯರಿಬ್ಬರೂ ಈ ಕೆಲಸವನ್ನು ಆರಂಭಿಸಿದ್ದೇವೆ. ಮೊದಲನೆಯ ಸಂಜೆ ಬಂದವಳು ಒಬ್ಬಳೇ. ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ಲಕೋಟೆಗಳು ಏಳು. ಮುಂದಿನ ವಾರ ಅವಳು ತನ್ನೊಡನೆ ಇನ್ನಿಬ್ಬರನ್ನು ಕರೆತಂದಳು.